ಆ ಡಿಸ್ಕ್‌ಗಳನ್ನು ಗುಜರಿಗೆ ಹಾಕುವ ಮುನ್ನ

ಹಳೆಯ ಕನ್ನಡ ಸಿನಿಮಾಗಳ ಸಿಡಿ, ಡಿವಿಡಿ, ವಿಡಿಯೊ ಕ್ಯಾಸೆಟ್ ಮನೆಯಲ್ಲಿರುವ ಎಲ್ಲರಲ್ಲಿ ಒಂದು ವಿನಂತಿ. ಟಿವಿ ಸ್ಟ್ಯಾಂಡಿನ ಡ್ರಾಯರು, ಅಟ್ಟದ ಮೇಲಿನ ಟ್ರಂಕು, ಅಜ್ಜನ ಮನೆಯ ಷೋಕೇಸು, ಎಲ್ಲಿದ್ದರೂ ಸರಿ, ಅವನ್ನು ಈ ವರ್ಷವೇ ಹೊರಗೆ ತೆಗೆಯಿರಿ. ಪ್ಲೇಯರ್ ಕೆಟ್ಟು ಕಾಲವಾಯಿತು, ಎಲ್ಲವೂ ಯೂಟ್ಯೂಬಿನಲ್ಲಿ ಸಿಗುತ್ತದಲ್ಲ ಎಂದುಕೊಂಡು ಗುಜರಿಯವನ ಮೂಟೆಗೆ ಸುರಿಯಬೇಡಿ. ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಆದರೆ ಸರಿಯಾಗಿ ಇಳಿಸಿ. ಅಡ್ಡಾದಿಡ್ಡಿ ಕಂಪ್ರೆಸ್ ಮಾಡಿ ಮೂಲವನ್ನು ಎಸೆದರೆ ಅದೂ ಗುಜರಿಗೆ ಹಾಕಿದ ಹಾಗೆಯೇ.

ಇಷ್ಟು ಒತ್ತಾಯ ಯಾಕೆಂದು ಕೇಳಿದರೆ ನಮ್ಮ ಚರಿತ್ರೆಯನ್ನೇ ತೋರಿಸಬೇಕಾಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ತೆರೆಗೆ ಬಂತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರ ಅಭಿನಯ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ ಚಿತ್ರೀಕರಣ, ಇದೆಲ್ಲ ನಮಗೆ ಬಾಯಿಪಾಠ. ಚಿತ್ರ ಮಾತ್ರ ಇಲ್ಲ. ಅದರ ಒಂದು ಪ್ರಿಂಟೂ ಉಳಿದಿಲ್ಲ. ಅದು ಬೆಂಕಿಗೆ ಬೇಗ ತುತ್ತಾಗುವ ನೈಟ್ರೇಟ್ ಫಿಲ್ಮಿನ ಕಾಲ, ಹೋಯಿತು ಬಿಡಿ ಎನ್ನಬಹುದು. ಆದರೆ ಆಮೇಲಿನದ್ದರ ಪಾಡೂ ಹೆಚ್ಚೇನೂ ಬೇರೆಯಲ್ಲ. ಕನ್ನಡ ಚಿತ್ರಗಳು ಬಹುಕಾಲ ತಯಾರಾದದ್ದು ಮದ್ರಾಸಿನಲ್ಲಿ. ಸಂಸ್ಕರಣೆ ಅಲ್ಲಿಯ ಲ್ಯಾಬ್‌ಗಳಲ್ಲೇ, ನೆಗೆಟಿವ್ ಉಳಿದದ್ದೂ ಅಲ್ಲೇ. ನಿರ್ಮಾಪಕರು ತೀರಿಕೊಂಡರು, ಹಕ್ಕು ಕೈಯಿಂದ ಕೈಗೆ ಹೋಯಿತು, ಡಬ್ಬಿಗಳ ಬಾಡಿಗೆ ಕಟ್ಟುವವರು ಇಲ್ಲದಾದರು, ಡಿಜಿಟಲ್ ಬಂದ ಮೇಲೆ ಲ್ಯಾಬ್‌ಗಳಿಗೇ ಕೆಲಸ ಹೋಯಿತು. ಅಸಿಟೇಟ್ ಫಿಲ್ಮು ಸೆಕೆಗೂ ತೇವಕ್ಕೂ ಕೊಳೆಯತೊಡಗಿದರೆ ಡಬ್ಬಿ ತೆರೆದೊಡನೆ ವಿನಿಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಸುರುಳಿ ಮುದುಡುತ್ತದೆ, ಅಂಟಿಕೊಳ್ಳುತ್ತದೆ. ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ನೀಲಿ ಹಸಿರು ಬಣ್ಣಗಳು ಮೊದಲು ಮಾಸಿ ಆಕಾಶ, ಅಂಗಳ, ನಾಯಕಿಯ ಸೀರೆ ಎಲ್ಲವೂ ಕೆಂಪುಗುಲಾಬಿಗೆ ತಿರುಗುತ್ತವೆ.

ಅದೃಷ್ಟವಂತ ಚಿತ್ರಗಳೂ ಇವೆ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಷನ್ ಹೊರದೇಶದ ಸಂಸ್ಥೆಗಳ ನೆರವಿನಿಂದ ಅದನ್ನು 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಳಿಸಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ಮತ್ತೆ ತೆರೆ ಕಂಡಿತು. ಇಂಥ ಭಾಗ್ಯ ಎಷ್ಟು ಕನ್ನಡ ಚಿತ್ರಗಳಿಗೆ ಸಿಕ್ಕೀತು? ಮಧ್ಯಮ ಗಾತ್ರದ ಒಂದು ಕೌಟುಂಬಿಕ ಚಿತ್ರ, ಹೆಸರು ಮರೆತುಹೋದ ನಿರ್ದೇಶಕನ ಪತ್ತೇದಾರಿ ಚಿತ್ರ, ಒಂದೇ ಒಂದು ಒಳ್ಳೆಯ ಹಾಡಿರುವ ಭಕ್ತಿಪ್ರಧಾನ ಚಿತ್ರ, ಇವಕ್ಕೆ ವೆನಿಸ್ಸೂ ಇಲ್ಲ, ಪುಣೆಯೂ ಇಲ್ಲ. ಇವುಗಳಲ್ಲಿ ಎಷ್ಟೋ ಚಿತ್ರಗಳನ್ನು ನಾಳೆ ಯಾರಾದರೂ ಹುಡುಕಿ ಹೊರಟರೆ ಸಿಗುವ ಅತ್ಯುತ್ತಮ ಪ್ರತಿ ಯಾರದೋ ಮನೆಯ ಡಿಸ್ಕೇ ಆಗಿರಬಹುದು. ಅದು ನಿಮ್ಮ ಮನೆಯದಾಗಿರಬಹುದು.

ಯೂಟ್ಯೂಬಿನಲ್ಲಿದೆಯಲ್ಲ ಎಂಬ ಮಾತಿಗೆ ಬರುತ್ತೇನೆ. ಇದೆ, ಸರಿ. ಯಾವ ಸ್ಥಿತಿಯಲ್ಲಿದೆ ನೋಡಿ. ಕಪ್ಪುಬಿಳುಪು ಕಾಲದ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ. ಅಗಲ ನಾಲ್ಕು ಪಾಲಿದ್ದರೆ ಎತ್ತರ ಮೂರು ಪಾಲು. ಇಂದಿನ ಟಿವಿಯದು ಹದಿನಾರಕ್ಕೆ ಒಂಬತ್ತು. ಈ ಅಗಲವನ್ನು ತುಂಬಿಸಲೇಬೇಕೆಂದು ಚಿತ್ರವನ್ನು ಎಳೆದರೆ ಮುಖಗಳು ಮೂರನೇ ಒಂದು ಪಾಲು ದಪ್ಪವಾಗುತ್ತವೆ. ಎಳೆಯದೆ ಮೇಲೆ ಕೆಳಗೆ ಕತ್ತರಿಸಿದರೆ ಕಾಲು ಭಾಗ ಚಿತ್ರವೇ ಹೋಗುತ್ತದೆ. ಪೌರಾಣಿಕ ಚಿತ್ರಗಳಲ್ಲಿ ಮೊದಲು ಹೋಗುವುದು ದೇವತೆಗಳ ಕಿರೀಟ, ಆಮೇಲೆ ನರ್ತಕಿಯ ಪಾದ. ನೃತ್ಯದಲ್ಲಿ ಪಾದವೇ ಕಾಣದಿದ್ದರೆ ಇನ್ನೇನು ನೋಡುವುದು? ಸಾಲದ್ದಕ್ಕೆ ಮೂಲೆಯಲ್ಲಿ ಚಾನೆಲಿನ ಮುದ್ರೆ, ನಡುವೆ ಕತ್ತರಿಸಿದ ಹಾಡು. ಇಂದು ಇದ್ದದ್ದು ಹಕ್ಕಿನ ತಕರಾರಿನಲ್ಲಿ ನಾಳೆ ಬೆಳಗಾಗುವಷ್ಟರಲ್ಲಿ ಮಾಯವಾಗುವುದೂ ಉಂಟು.

ಇನ್ನು ನಿಮ್ಮಲ್ಲಿರುವುದು ಏನೆಂದು ವಿಂಗಡಿಸಿಕೊಳ್ಳಿ. ಕೆಲಸದ ಬಗೆ ಒಂದೊಂದಕ್ಕೂ ಬೇರೆ.

ಮೊದಲು ವಿಸಿಡಿ. ಒಂದು ಸಿನಿಮಾಕ್ಕೆ ಎರಡು ಅಥವಾ ಮೂರು ತಟ್ಟೆ. ಚಿತ್ರದ ಅಳತೆ 352ಕ್ಕೆ 288 ಪಿಕ್ಸೆಲ್, ಬಿಟ್‌ರೇಟ್ ಸೆಕೆಂಡಿಗೆ 1,150 ಕಿಲೋಬಿಟ್. ಇಂದಿನ ಕಣ್ಣಿಗೆ ಬಡಪಾಯಿ. ಅದಕ್ಕೇ ಜನ ಇದನ್ನು ಮೊದಲು ಎಸೆಯುತ್ತಾರೆ, ನಾನು ಇದನ್ನೇ ಮೊದಲು ಉಳಿಸಿ ಎನ್ನುತ್ತೇನೆ. ಡಿವಿಡಿಯಾಗಿ ಬರದೆ ವಿಸಿಡಿಯಾಗಿ ಮಾತ್ರ ಬಂದ ಕನ್ನಡ ಚಿತ್ರಗಳಿವೆ. ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಇಟ್ಟು ಮಾರಿದ ಕಾಲದಲ್ಲಿ ಕಿರಾಣಿ ಅಂಗಡಿಯಲ್ಲೂ ಸಿನಿಮಾ ಸಿಗುತ್ತಿತ್ತು. ಆ ಅಗ್ಗದ ರಾಶಿಯಲ್ಲಿ ಅಪರೂಪದ್ದೂ ಸೇರಿಕೊಂಡಿದೆ. ಒಳ್ಳೆಯ ಸುದ್ದಿಯೆಂದರೆ ವಿಸಿಡಿಗೆ ಎನ್‌ಕೋಡಿಂಗ್ ತಲೆನೋವೇ ಇಲ್ಲ. ಡಿಸ್ಕಿನೊಳಗೆ 'ಎಂಪೆಗ್‌ಎವಿ' ಎಂಬ ಫೋಲ್ಡರ್ ಇರುತ್ತದೆ, ಅದರೊಳಗೆ 'ಡ್ಯಾಟ್' ಎಂದು ಕೊನೆಯಾಗುವ ಒಂದು ದೊಡ್ಡ ಫೈಲ್. ಅದನ್ನು ಹಾಗೆಯೇ ಕಾಪಿ ಮಾಡಿ, ಸಾಕು. ವಿಎಲ್‌ಸಿ ಪ್ಲೇಯರ್ ಅದನ್ನು ನೇರವಾಗಿ ಓಡಿಸುತ್ತದೆ. ಈಗಾಗಲೇ ಹಿಂಡಿ ಹಿಪ್ಪೆಯಾದ ಚಿತ್ರವನ್ನು ಮತ್ತೊಮ್ಮೆ ಹಿಂಡಬೇಡಿ. ಚಿತ್ರವನ್ನು ಹಿಂಡುವ ಹೊಸ ಕೊಡೆಕ್ ಎಷ್ಟೇ ಜಾಣನಿದ್ದರೂ ಡಿಸ್ಕಿನಲ್ಲಿ ಇಲ್ಲದ ವಿವರವನ್ನು ತಂದುಕೊಡಲಾರದು, ಇದ್ದದ್ದನ್ನು ಇನ್ನಷ್ಟು ಕಳೆಯಬಲ್ಲದು, ಅಷ್ಟೆ.

ಕಾಪಿ ಮಾಡುವಾಗ ನಡುವೆ ನಿಂತುಬಿಟ್ಟರೆ ಕೈಚೆಲ್ಲಬೇಡಿ. ಮೆತ್ತಗಿನ ಒದ್ದೆ ಬಟ್ಟೆಯಿಂದ ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಾಗಿ ಒರೆಸಬೇಡಿ. ಆಗಲೂ ಓದದಿದ್ದರೆ ಬೇರೊಂದು ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಒಲ್ಲೆನೆಂದ ಡಿಸ್ಕನ್ನು ಇನ್ನೊಂದು ಸರಾಗ ಓದುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಡ್ರೈವೇ ಇಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಡ್ರೈವೊಂದನ್ನು ನಾಲ್ಕು ಮನೆಯವರು ಸೇರಿ ಕೊಂಡರೂ ಆಯಿತು.

ಡಿವಿಡಿಯದು ದೊಡ್ಡ ಕತೆ. ನಮ್ಮ ಎಡವಟ್ಟುಗಳೆಲ್ಲ ನಡೆಯುವುದೂ ಇಲ್ಲೇ. ಸಾಧಾರಣ ಡಿವಿಡಿಯಲ್ಲಿ 4.7 ಜಿಬಿ, ಎರಡು ಪದರದ್ದರಲ್ಲಿ 8.5 ಜಿಬಿ. ಎರಡೂವರೆ ಗಂಟೆಯ ಒಂದೇ ಚಿತ್ರವನ್ನು 4.7 ಜಿಬಿ ತುಂಬ ಹಾಕಿದ್ದರೆ ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ಸಿಗುತ್ತದೆ, ಪರವಾಗಿಲ್ಲ. ಫುಟ್‌ಪಾತಿನಲ್ಲಿ ಸಿಗುತ್ತಿದ್ದ 'ಒಂದರಲ್ಲಿ ಮೂರು ಸಿನಿಮಾ' ಡಿಸ್ಕಿನಲ್ಲಿ ಅದು 1.4ಕ್ಕೆ ಇಳಿಯುತ್ತದೆ. ಯುದ್ಧದ ದೃಶ್ಯದಲ್ಲಿ ಧೂಳಿನ ಬದಲು ಚೌಕಚೌಕದ ಇಟ್ಟಿಗೆ ಹಾರುವುದನ್ನು ನೋಡಿದ್ದೀರಲ್ಲ, ಅದರ ಕಾರಣ ಇದು. ಒಂದು ಚಿತ್ರ ಎರಡೂ ಬಗೆಯ ಡಿಸ್ಕಿನಲ್ಲಿದ್ದರೆ ಅದೊಂದೇ ಇರುವ ಡಿಸ್ಕನ್ನು ಮೊದಲು ಇಳಿಸಿ.

ಕಂಪ್ರೆಷನ್ ವಿಷಯದಲ್ಲಿ ನನ್ನ ಮೊದಲ ಮಾತು, ಮಾಡಲೇಬೇಡಿ. ಡಿಸ್ಕಿನ ಪೂರ್ತಿ ಪಡಿಯಚ್ಚನ್ನು ಮೊದಲು ಹಾರ್ಡ್‌ಡಿಸ್ಕಿಗೆ ಇಳಿಸಿ. ಒಂದು ಟೆರಾಬೈಟಿನಲ್ಲಿ ಇಂಥ 200 ಡಿವಿಡಿಗಳು ಹಿಡಿಸುತ್ತವೆ. ಬಹುತೇಕ ಮನೆಗಳ ಇಡೀ ಸಂಗ್ರಹ ಅಷ್ಟಿರಲಾರದು. ಈ ಪಡಿಯಚ್ಚನ್ನು ಮುಟ್ಟದೆ ಇಟ್ಟು, ಟಿವಿಯಲ್ಲಿ, ಮೊಬೈಲಿನಲ್ಲಿ ನೋಡಲು ಬೇಕಾದ ಪ್ರತಿಯನ್ನು ಅದರಿಂದ ಬೇರೆಯಾಗಿ ತಯಾರಿಸಿಕೊಳ್ಳಿ. ಹತ್ತು ವರ್ಷದ ಮೇಲೆ ಇನ್ನೂ ಒಳ್ಳೆಯ ಕೊಡೆಕ್ ಬಂದರೆ ಮತ್ತೆ ಪಡಿಯಚ್ಚಿನಿಂದಲೇ ಹೊಸದು ಮಾಡಿಕೊಳ್ಳಬಹುದು. ಎಚ್.264 ಬಂದದ್ದು 2003ರಲ್ಲಿ, ಎಚ್.265 ಬಂದದ್ದು 2013ರಲ್ಲಿ, ಎವಿ1 ಬಂದದ್ದು 2018ರಲ್ಲಿ. ಮುಂದಿನದೂ ಬಂದೇ ಬರುತ್ತದೆ.

ನೋಡುವ ಪ್ರತಿಗೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಸಾಕು. ಸಿಡಿ ಕಾಲದಲ್ಲಿ ಎಲ್ಲ ಸಿನಿಮಾವನ್ನೂ 700 ಎಂಬಿಗೆ ಇಳಿಸುವ ಚಟ ಹತ್ತಿತ್ತು, ಒಂದು ತಟ್ಟೆಯಲ್ಲಿ ಹಿಡಿಯಬೇಕಲ್ಲ. ಆ ತಟ್ಟೆ ಹೋಯಿತು, ಚಟ ಉಳಿಯಿತು. ಈಗ ಫೈಲಿನ ಗಾತ್ರವನ್ನು ನಿಗದಿ ಮಾಡುವ ಬದಲು ಗುಣಮಟ್ಟವನ್ನು ನಿಗದಿ ಮಾಡಬೇಕು. ತಂತ್ರಾಂಶದಲ್ಲಿ 'ಕಾನ್‌ಸ್ಟಂಟ್ ಕ್ವಾಲಿಟಿ' ಎಂಬ ಜಾರುಪಟ್ಟಿ ಇದೆ, ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ. ಡಿವಿಡಿ ಮೂಲಕ್ಕೆ 18ರಿಂದ 20ರೊಳಗೆ ಇಡಿ. ವೇಗದ ಆಯ್ಕೆಯಲ್ಲಿ 'ಸ್ಲೋ' ಆರಿಸಿ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆಗೆ ಮುಗಿದಿರುತ್ತದೆ, ಅವಸರ ಯಾರಿಗಿದೆ? ಎಚ್.264ರಲ್ಲಿ ಒಂದು ಚಿತ್ರ ಹೆಚ್ಚಾಗಿ ಒಂದೂವರೆ ಎರಡು ಜಿಬಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಎಚ್.265ರ 10 ಬಿಟ್ ಆಯ್ಕೆ ಇನ್ನೂ ಉತ್ತಮ, ನಿಮ್ಮ ಟಿವಿ ಅದನ್ನು ಓಡಿಸುವುದಾದರೆ. ಕಪ್ಪುಬಿಳುಪಿನಲ್ಲಿ ಮುಸ್ಸಂಜೆಯ ಆಕಾಶ ಬೆಳಕಿನಿಂದ ಕತ್ತಲೆಗೆ ನುಣ್ಣಗೆ ಇಳಿಯಬೇಕಾದಲ್ಲಿ ಪಟ್ಟೆಪಟ್ಟೆಯಾಗಿ ಕಾಣುವುದನ್ನು 10 ಬಿಟ್ ತಗ್ಗಿಸುತ್ತದೆ.

ಇಡೀ ಸಿನಿಮಾ ಹಚ್ಚುವ ಮುಂಚೆ ಒಂದು ನಿಮಿಷ ತೆಗೆದು ಪರೀಕ್ಷೆ ಮಾಡಿ. ಹಗಲಿನಲ್ಲಿ ಇಬ್ಬರು ಕುಳಿತು ಮಾತಾಡುವ ದೃಶ್ಯ ಬೇಡ, ಅದರಲ್ಲಿ ಎಲ್ಲ ಕೊಡೆಕ್ಕೂ ಪಾಸಾಗುತ್ತದೆ. ಮಂಗಳಾರತಿಯ ಹೊಗೆ, ಮಳೆ, ಜಾತ್ರೆಯ ಜನ, ದೀಪದ ಬೆಳಕಿನಲ್ಲಿ ಒಂದು ಮುಖ, ಇಂಥದ್ದನ್ನು ಹುಡುಕಿ. ಮೂಲ ಮತ್ತು ಪ್ರತಿ ಎರಡನ್ನೂ ಅದೇ ಜಾಗದಲ್ಲಿ ನಿಲ್ಲಿಸಿ, ಕೆನ್ನೆಯ ಮೇಲೆ ಕಣ್ಣಿಡಿ. ಮೂಲದಲ್ಲಿ ಕೆನ್ನೆಯ ಮೇಲೆ ಸಣ್ಣ ಮರಳಿನಂತೆ ಏನೋ ಮಿಸುಕುತ್ತಿರುತ್ತದೆ. ಅದು ಕೊಳೆಯಲ್ಲ, ಫಿಲ್ಮಿನ ರವೆ. ಬೆಳ್ಳಿಯ ಹರಳುಗಳಿಂದ ಮೂಡಿದ ಚಿತ್ರದ ಮೈಯೇ ಅದು. ಪ್ರತಿಯಲ್ಲಿ ಕೆನ್ನೆ ಮೇಣದ ಬೊಂಬೆಯಂತೆ ನುಣುಪಾಗಿದ್ದರೆ ಅಂಕಿಯನ್ನು ಒಂದೆರಡು ಇಳಿಸಿ ಮತ್ತೆ ನೋಡಿ. 'ಡಿನಾಯ್ಸ್' ಗುಂಡಿಯನ್ನು ಮುಟ್ಟಲೇಬೇಡಿ. ರವೆಯ ಜೊತೆಗೆ ಹುಬ್ಬಿನ ಕೂದಲು, ಪಂಚೆಯ ನೆರಿಗೆ, ಗೋಡೆಯ ಸುಣ್ಣದ ಒರಟು ಎಲ್ಲವನ್ನೂ ಅದು ಗುಡಿಸಿಕೊಂಡು ಹೋಗುತ್ತದೆ. ಕೃತಕ ಬುದ್ಧಿಮತ್ತೆಯಿಂದ '4ಕೆ' ಮಾಡಿಕೊಡುತ್ತೇವೆ ಎನ್ನುವ ತಂತ್ರಾಂಶಗಳು ಇನ್ನೂ ಒಂದು ಹೆಜ್ಜೆ ಮುಂದೆ. ಅವು ಇಲ್ಲದ ಹಲ್ಲು, ಇಲ್ಲದ ರೆಪ್ಪೆಗಳನ್ನು ಊಹಿಸಿ ಬರೆಯುತ್ತವೆ. ಮೋಜಿಗೆ ಮಾಡಿಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ. ಅದನ್ನೇ ಸಂಗ್ರಹದ ಪ್ರತಿಯೆಂದು ಇಟ್ಟುಕೊಳ್ಳಬೇಡಿ.

ಇನ್ನೊಂದು ಪೀಡೆ, ಬಾಚಣಿಗೆ ಹಲ್ಲಿನಂತೆ ಅಡ್ಡಡ್ಡ ಗೆರೆಗಳು. ವಿಎಲ್‌ಸಿಯಲ್ಲಿ ಈ ಗೆರೆಗಳನ್ನು ಅಳಿಸುವ 'ಡಿಇಂಟರ್‌ಲೇಸ್' ಆಫ್ ಮಾಡಿ, ಕತ್ತಿವರಸೆಯ ದೃಶ್ಯವೊಂದರಲ್ಲಿ ನಿಲ್ಲಿಸಿ, ಕೀಬೋರ್ಡಿನ 'ಇ' ಕೀಯನ್ನು ಒತ್ತುತ್ತ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಬೀಸುವ ಕತ್ತಿಯ ಅಂಚಿನಲ್ಲಿ ಗೆರೆ ಕಾಣದಿದ್ದರೆ ಏನೂ ಮಾಡಬೇಕಿಲ್ಲ. ಮೂರು ಫ್ರೇಮ್ ಶುದ್ಧ, ಎರಡು ಫ್ರೇಮ್ ಗೆರೆಗೆರೆ, ಮತ್ತೆ ಮೂರು ಶುದ್ಧ ಎಂಬ ತಾಳ ಸಿಕ್ಕಿದರೆ ಅದು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ಡಿಸ್ಕ್. ಸೆಕೆಂಡಿಗೆ 24 ಫ್ರೇಮಿನ ಸಿನಿಮಾವನ್ನು ಮೂವತ್ತಕ್ಕೆ ಹೊಂದಿಸಲು ಹೀಗೆ ಹೆಣೆದಿದ್ದಾರೆ. ಹ್ಯಾಂಡ್‌ಬ್ರೇಕಿನ 'ಡಿಟೆಲಿಸಿನ್' ಆ ಹೆಣಿಗೆಯನ್ನು ಬಿಚ್ಚಿ 24 ಫ್ರೇಮುಗಳನ್ನು ಹಾಗೆಯೇ ಹಿಂದಿರುಗಿಸುತ್ತದೆ. ತಾಳವಿಲ್ಲದೆ ಎಲ್ಲ ಕಡೆ ಗೆರೆಯಿದ್ದರೆ ಮಾತ್ರ 'ಡಿಇಂಟರ್‌ಲೇಸ್'. ಗೆರೆಯಿಲ್ಲ, ಬದಲಿಗೆ ಒಂದು ಕತ್ತಿಯ ಪಕ್ಕ ಅದರದೇ ದೆವ್ವದಂತೆ ಇನ್ನೊಂದು ಮಸುಕು ಕತ್ತಿ ಕಾಣುತ್ತಿದೆಯೇ? ಅದು ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಬದಲಿಸುವಾಗಲೇ ಕೆಟ್ಟಿರುವಂಥದ್ದು. ನಾವು ನೀವು ಮಾಡುವಂಥದ್ದೇನಿಲ್ಲ, ಹಾಗೆಯೇ ಬಿಡಿ.

ನಮ್ಮ ದೇಶದ ಪಾಲ್ ಪದ್ಧತಿಯ ಡಿಸ್ಕುಗಳಲ್ಲಿ ಬೇರೆಯದೇ ಒಂದು ಸೋಜಿಗವಿದೆ. ಅಲ್ಲಿ ಸೆಕೆಂಡಿಗೆ 25 ಫ್ರೇಮ್. 24ರ ಚಿತ್ರವನ್ನು ಸುಮ್ಮನೆ ಸ್ವಲ್ಪ ಬೇಗ ಓಡಿಸಿಬಿಡುತ್ತಾರೆ. 144 ನಿಮಿಷದ ಚಿತ್ರ 138 ನಿಮಿಷಕ್ಕೆ ಮುಗಿಯುತ್ತದೆ. ಯಾರ ಗಮನಕ್ಕೂ ಬರುವುದಿಲ್ಲ, ಸಂಗೀತ ಬಲ್ಲವರನ್ನು ಬಿಟ್ಟು. ಸದ್ದಿನ ಸ್ಥಾಯಿಯನ್ನು ಬೇರೆಯಾಗಿ ಸರಿಪಡಿಸದಿದ್ದರೆ ಹಾಡು ಅರೆಸ್ವರಕ್ಕಿಂತ ತುಸು ಕಡಿಮೆ ಮೇಲೇರುತ್ತದೆ. ಪಿ.ಬಿ. ಶ್ರೀನಿವಾಸರ ಕಂಠ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಶ್ರುತಿಯಲ್ಲೂ ಡಿವಿಡಿಯಲ್ಲಿ ಇನ್ನೊಂದರಲ್ಲೂ ಕೇಳಿಸಿದರೆ ಅನುಮಾನ ಮೊದಲು ಇದರ ಮೇಲೆ ಹೋಗಲಿ. ಪಡಿಯಚ್ಚಿನಲ್ಲಿ ಇದನ್ನು ತಿದ್ದಬೇಡಿ. ನೋಡುವ ಪ್ರತಿಯಲ್ಲಿ ಚಿತ್ರ ಮತ್ತು ಧ್ವನಿ ಎರಡನ್ನೂ ಒಟ್ಟಿಗೆ 24ಕ್ಕೆ ನಿಧಾನಿಸುವ ಆಸಕ್ತಿ, ತಾಳ್ಮೆ ಇದ್ದವರು ಮಾಡಿಕೊಳ್ಳಬಹುದು. ಧ್ವನಿಯ ಬಗ್ಗೆ ಬೇರೆ ಹೇಳುವುದು ಹೆಚ್ಚಿಲ್ಲ. ಡಿಸ್ಕಿನಲ್ಲಿ ಇದ್ದ ಹಾಗೆ ಕಾಪಿ ಮಾಡಿ, ಒಂದೇ ಟ್ರ್ಯಾಕಿನ ಹಳೆಯ ಧ್ವನಿಯನ್ನು ಹಿಗ್ಗಿಸಿ ಆರು ಸ್ಪೀಕರಿಗೆ ಹಂಚುವ ಉಸಾಬರಿ ಬೇಡ.

ಹ್ಯಾಂಡ್‌ಬ್ರೇಕ್ ತಾನಾಗಿಯೇ ಅಂಚು ಕತ್ತರಿಸುತ್ತದೆ. ಕತ್ತರಿಸಿದ್ದು ಕಪ್ಪು ಪಟ್ಟಿಯನ್ನು ಮಾತ್ರವೇ ಎಂದು ನೋಡಿಕೊಳ್ಳಿ. ಕತ್ತಲೆಯ ದೃಶ್ಯ ಹೆಚ್ಚಿರುವ ಚಿತ್ರಗಳಲ್ಲಿ ಅದಕ್ಕೆ ಪಟ್ಟಿ ಯಾವುದು, ಕತ್ತಲು ಯಾವುದು ಎಂದು ತಿಳಿಯದೆ ಹೋಗುವುದುಂಟು.

ಎಲ್ಲಕ್ಕಿಂತ ಹೆಚ್ಚಾಗಿ ಬೇಡಿಕೊಳ್ಳುವುದು ಮೊದಲ ಹತ್ತು ಸೆಕೆಂಡಿಗಾಗಿ. ಸಿನಿಮಾ ಶುರುವಾಗುವ ಮುಂಚೆ ಬರುವ ಸೆನ್ಸಾರ್ ಸರ್ಟಿಫಿಕೇಟನ್ನು ಬೇಜಾರೆಂದು ಕತ್ತರಿಸಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಆ ಹಾಳೆಯಲ್ಲಿ ಚಿತ್ರದ ಹೆಸರು, ದಿನಾಂಕ, ರೀಲುಗಳ ಸಂಖ್ಯೆ, ಉದ್ದ ಇರುತ್ತವೆ. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ. ಸರ್ಟಿಫಿಕೇಟಿನಲ್ಲಿ 4,000 ಮೀಟರ್ ಎಂದಿದ್ದರೆ ಚಿತ್ರ 146 ನಿಮಿಷದ್ದು. ಪಾಲ್ ಡಿಸ್ಕಿನಲ್ಲಿ ಅದು 140 ನಿಮಿಷವಾಗಬೇಕು. ನಿಮ್ಮ ಡಿಸ್ಕು 121 ನಿಮಿಷಕ್ಕೇ ಮುಗಿದರೆ 19 ನಿಮಿಷ ಎಲ್ಲೋ ಹೋಗಿದೆ. ಒಂದು ಹಾಸ್ಯದ ಪ್ರಸಂಗವೋ, ಎರಡು ಹಾಡೋ, ಹರಿದ ರೀಲಿನ ಕೊನೆಯೋ. ಅದು ಇನ್ನೊಂದು ಊರಿನ ಇನ್ನೊಂದು ಕಂಪನಿಯ ಡಿಸ್ಕಿನಲ್ಲಿ ಇರಬಹುದು, ಇಲ್ಲವೇ ಯಾರೋ ದೂರದರ್ಶನದಿಂದ ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್ಟಿನಲ್ಲಿ. ಅದಕ್ಕೇ ಒಂದೇ ಚಿತ್ರದ ಎರಡು ಬೇರೆ ಬೇರೆ ಪ್ರತಿಗಳಿದ್ದರೆ ಎರಡನ್ನೂ ಇಟ್ಟುಕೊಳ್ಳಿ. ಈ ಲೆಕ್ಕ ಪಂಡಿತರ ಕೆಲಸವೇನಲ್ಲ, ಒಂದು ಭಾಗಾಕಾರ ಅಷ್ಟೆ. ಹೈಸ್ಕೂಲು ಮಕ್ಕಳಿಗೆ ಒಪ್ಪಿಸಿ, ಖುಷಿಯಿಂದ ಮಾಡುತ್ತಾರೆ.

ಬಣ್ಣ ಬಳಿದ ಚಿತ್ರಗಳ ವಿಷಯದಲ್ಲೂ ಎಚ್ಚರ ಬೇಕು. 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಮತ್ತೆ ಬಂದವು. ಜನ ನೋಡಿದರು, ಸಂತೋಷವೇ. ಆದರೆ ಹೊಸ ಬಣ್ಣದ್ದು ಬಂದಿದೆಯಲ್ಲ ಎಂದು ಕಪ್ಪುಬಿಳುಪಿನ ಹಳೆಯ ಡಿಸ್ಕನ್ನು ಕೈಬಿಡಬೇಡಿ. ಛಾಯಾಗ್ರಾಹಕ ಬೆಳಕು ಜೋಡಿಸಿದ್ದು ಕಪ್ಪುಬಿಳುಪಿಗಾಗಿ. ಅವನ ಕೆಲಸ ಉಳಿದಿರುವುದು ಆ ಡಿಸ್ಕಿನಲ್ಲಿ.

ವಿಡಿಯೊ ಕ್ಯಾಸೆಟ್ಟುಗಳಿಗೆ ಹೆಚ್ಚು ಸಮಯವಿಲ್ಲ. ಜಗತ್ತಿನಲ್ಲಿ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ನಿಲ್ಲಿಸಿತು. ಈಗ ಓಡುತ್ತಿರುವುದೆಲ್ಲ ರಿಪೇರಿ ಮಾಡಿದ ಹಳೆಯ ಯಂತ್ರಗಳು. ನಮ್ಮ ಮಲೆನಾಡು, ಕರಾವಳಿಯ ಮಳೆಗೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿರುತ್ತದೆ. ಕ್ಯಾಸೆಟ್ಟಿನ ಕಿಟಕಿಯಿಂದ ಇಣುಕಿ ನೋಡಿದರೆ ಬೂದಿ ಉದುರಿಸಿದ ಹಾಗೆ ಕಾಣುತ್ತದೆ. ಅಂಥ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿದರೆ ಹೆಡ್ ಕೆಡುತ್ತದೆ, ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ತಿಳಿದವರಿಂದ ಮೊದಲು ಶುಚಿ ಮಾಡಿಸಿ. ಇಳಿಸಿಕೊಡುವ ಅಂಗಡಿಯವರು ನೇರವಾಗಿ ಸಣ್ಣ ಫೈಲ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಡುವುದು ವಾಡಿಕೆ. ಹಾಗೆ ಬೇಡ, ಡಿಇಂಟರ್‌ಲೇಸ್ ಮಾಡದೆ, ಹೆಚ್ಚಿನ ಬಿಟ್‌ರೇಟಿನಲ್ಲಿ, ಫೈಲ್ ಎಷ್ಟೇ ದೊಡ್ಡದಾದರೂ ಪರವಾಗಿಲ್ಲ ಎಂದು ಕೇಳಿ ಮಾಡಿಸಿಕೊಳ್ಳಿ. ನಡುವಿನ ಜಾಹೀರಾತು, ವಾರ್ತೆಯ ತುಣುಕು, 'ಅಡಚಣೆಗಾಗಿ ಕ್ಷಮಿಸಿ' ಫಲಕ ಯಾವುದನ್ನೂ ಕತ್ತರಿಸಬೇಡಿ. ಅದು ಯಾವ ವರ್ಷದ ಪ್ರಸಾರ ಎಂದು ಹೇಳುವುದೇ ಅವು. ಭಾನುವಾರ ಮಧ್ಯಾಹ್ನ ದೆಹಲಿ ದೂರದರ್ಶನ ಹಾಕುತ್ತಿದ್ದ ಪ್ರಶಸ್ತಿ ವಿಜೇತ ಪ್ರಾದೇಶಿಕ ಚಿತ್ರಗಳನ್ನು, ಇಂಗ್ಲಿಷ್ ಅಡಿಬರಹದ ಸಮೇತ, ರೆಕಾರ್ಡ್ ಮಾಡಿಟ್ಟವರು ಇನ್ನೂ ಇದ್ದಾರೆ. ಹೊರದೇಶದ ಕನ್ನಡಿಗರೇ, ನಿಮಗೂ ಈ ಮಾತು. ಎಂಬತ್ತು ತೊಂಬತ್ತರ ದಶಕದಲ್ಲಿ ಊರಿಗೆ ಬಂದಾಗಲೆಲ್ಲ ಸೂಟ್‌ಕೇಸಿನಲ್ಲಿ ಒಯ್ದ ಕ್ಯಾಸೆಟ್ಟುಗಳು ನಿಮ್ಮ ಒಣ ಹವೆಯಲ್ಲಿ, ಹೀಟರು ಹಾಕಿದ ಮನೆಗಳಲ್ಲಿ, ಇಲ್ಲಿಯವಕ್ಕಿಂತ ಚೆನ್ನಾಗಿ ಉಳಿದಿರುವ ಸಂಭವವಿದೆ. ಬೇಸ್‌ಮೆಂಟಿನ ಪೆಟ್ಟಿಗೆಯನ್ನು ಒಮ್ಮೆ ಬಿಚ್ಚಿ ನೋಡಿ.

ಕಾನೂನಿನ ಮಾತನ್ನು ಮುಚ್ಚಿಡುವುದು ಸರಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕು, ಅದು ಪ್ರಕಟವಾದ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. 1954ರ 'ಬೇಡರ ಕಣ್ಣಪ್ಪ'ದ ಅವಧಿ 2014ರ ಕೊನೆಗೆ ಮುಗಿಯಿತು, 1964ರ 'ಅಮರಶಿಲ್ಪಿ ಜಕಣಾಚಾರಿ'ಯದು 2024ರ ಕೊನೆಗೆ. ಹೀಗೆ ಪ್ರತಿ ಜನವರಿ 1ಕ್ಕೆ ಒಂದು ವರ್ಷದ ಚಿತ್ರಗಳು ಸಾರ್ವಜನಿಕರ ಸೊತ್ತಾಗುತ್ತ ಬರುತ್ತವೆ. ಕತೆ, ಹಾಡಿನ ಸಾಹಿತ್ಯಗಳ ಹಕ್ಕು ಬೇರೆ, ಅದು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಸ್ವಂತ ಬಳಕೆಗೆ, ಅಧ್ಯಯನಕ್ಕೆ ನ್ಯಾಯವಾದ ರೀತಿಯಲ್ಲಿ ಬಳಸಿಕೊಳ್ಳಲು ಕಾಯ್ದೆ ಅವಕಾಶ ಕೊಡುತ್ತದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿಯುವುದನ್ನು 2012ರ ತಿದ್ದುಪಡಿ ಅಪರಾಧವೆನ್ನುತ್ತದೆ. ಆದ್ದರಿಂದ ಹಣ ಕೊಟ್ಟು ಕೊಂಡ ಡಿಸ್ಕನ್ನು ನಿಮ್ಮ ಮನೆಯವರಿಗಾಗಿ ಇಳಿಸಿ, ಮನೆಯಲ್ಲೇ ಇಟ್ಟುಕೊಳ್ಳಿ. ಹಕ್ಕು ಜೀವಂತವಿರುವ ಚಿತ್ರವನ್ನು ಟೆಲಿಗ್ರಾಂ ಗುಂಪಿಗೆ ಏರಿಸಬೇಡಿ. ಉಳಿಸುವ ಕೆಲಸಕ್ಕೂ ಕದ್ದು ಹಂಚುವ ಕೆಲಸಕ್ಕೂ ಗಂಟುಹಾಕಿದರೆ ನಾಳೆ ನಿಜವಾಗಿ ಉಳಿಸಲು ಹೊರಟವರ ಕೈ ಕಟ್ಟಿದಂತಾಗುತ್ತದೆ.

ಹಕ್ಕುದಾರರಿಗೂ ಒಂದು ಮಾತಿದೆ. ನಿರ್ಮಾಪಕರ ಮಕ್ಕಳೇ, ಮೊಮ್ಮಕ್ಕಳೇ, ನಿಮ್ಮ ಮನೆಯಲ್ಲಿ ಫಿಲ್ಮ್ ಡಬ್ಬಿಗಳಿದ್ದರೆ ಅವನ್ನು ನೀವೇ ಬಿಚ್ಚಿ ಪ್ರೊಜೆಕ್ಟರಿಗೆ ಹಾಕಲು ಹೋಗಬೇಡಿ. ವಿನಿಗರ್ ವಾಸನೆ ಬರುವ ಡಬ್ಬಿಯನ್ನು ಬೇರೆಯವುಗಳಿಂದ ದೂರವಿಟ್ಟು ಪುಣೆಯ ಸಂಗ್ರಹಾಲಯಕ್ಕೆ ಬರೆಯಿರಿ. ಅಲ್ಲಿ ಒಪ್ಪಿಸಿದರೆ ಡಬ್ಬಿ ಕೊಟ್ಟಂತಾಗುತ್ತದೆಯೇ ಹೊರತು ಹಕ್ಕು ಬಿಟ್ಟಂತಾಗುವುದಿಲ್ಲ. ಟಿವಿ ಹಕ್ಕು ಮಾರಿದಾಗ ಮಾಡಿಸಿದ ಬೀಟಾಕ್ಯಾಮ್ ಟೇಪುಗಳು ಕಪಾಟಿನಲ್ಲಿ ಇರಬಹುದು. ಅವು ಯಾವುದೇ ಡಿವಿಡಿಗಿಂತ ಒಳ್ಳೆಯ ಮೂಲ. ಓದುವ ಯಂತ್ರಗಳು ಬೆರಳೆಣಿಕೆಗೆ ಬರುವ ಮುಂಚೆ ಇಳಿಸಿಕೊಳ್ಳಿ. ಚಲನಚಿತ್ರ ಅಕಾಡೆಮಿ, ವಾರ್ತಾ ಇಲಾಖೆಗಳಲ್ಲಿ ಕೇಳುವುದು ಇಷ್ಟೆ. ಜಿಲ್ಲಾ ಗ್ರಂಥಾಲಯವೊಂದರಲ್ಲಿ ಒಂದು ಡ್ರೈವು, ಒಂದು ದುರಸ್ತಿಯಾದ ವಿಸಿಆರ್, ಕಲಿತ ಒಬ್ಬ ಸಿಬ್ಬಂದಿ ಇದ್ದರೆ ಸಾಕು. ಜನ ತಾವಾಗಿಯೇ ಡಿಸ್ಕ್ ಹಿಡಿದು ಬರುತ್ತಾರೆ. ಚಿತ್ರನಗರಿಗೆ ನೂರಾರು ಎಕರೆ ಲೆಕ್ಕ ಹಾಕುವ ಸರ್ಕಾರಕ್ಕೆ ಇದು ದೊಡ್ಡ ಬಾಬತ್ತಲ್ಲ.

ಇಳಿಸಿದ ಫೈಲಿಗೆ 'ಮೂವಿ1' ಎಂದು ಹೆಸರಿಡಬೇಡಿ. ವರ್ಷ, ಚಿತ್ರದ ಹೆಸರು, ಮೂಲ ವಿಸಿಡಿಯೋ ಡಿವಿಡಿಯೋ ಕ್ಯಾಸೆಟ್ಟೋ, ಯಾವ ಕಂಪನಿಯದು, ಇಷ್ಟಿರಲಿ. ಕವರಿನ ಎರಡೂ ಬದಿಯ ಫೋಟೊ ತೆಗೆದು ಅದೇ ಫೋಲ್ಡರಿಗೆ ಹಾಕಿ. ಒಂದು ಹಾರ್ಡ್‌ಡಿಸ್ಕ್ ಸಾಲದು, ಎರಡು ಬೇಕು, ಎರಡನೆಯದು ಬೇರೆ ಮನೆಯಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲೇ, ಇರಲಿ. ಅಣ್ಣ ಮೈಸೂರಿನಲ್ಲಿ, ತಂಗಿ ಹುಬ್ಬಳ್ಳಿಯಲ್ಲಿ ಇರುವ ಮನೆತನಗಳಿಗೆ ಇದು ಕಷ್ಟವಾಗಬಾರದು. ವರ್ಷಕ್ಕೊಮ್ಮೆಯಾದರೂ ಅವನ್ನು ಕಂಪ್ಯೂಟರಿಗೆ ಸಿಕ್ಕಿಸಿ ಫೈಲುಗಳು ತೆರೆಯುತ್ತವೆಯೇ ನೋಡಿ.

ದಸರಾ ರಜೆಗೋ ದೀಪಾವಳಿಗೋ ಊರಿಗೆ ಹೋದಾಗ ಶುರುಮಾಡಿ. ಮೊದಲು ವಿಸಿಡಿಗಳು, ಅದರಲ್ಲೂ ಹೆಸರು ಕೇಳಿರದ ಚಿತ್ರಗಳು. ಆಮೇಲೆ ಬೂಷ್ಟು ಹಿಡಿಯದ ಕ್ಯಾಸೆಟ್ಟುಗಳು. ಎಲ್ಲರ ಮನೆಯಲ್ಲೂ ಇರುವ 'ಬಂಗಾರದ ಮನುಷ್ಯ' ಕೊನೆಗೆ ಬಂದರೂ ನಡೆಯುತ್ತದೆ. ಪಕ್ಕದ ಮನೆಯವರನ್ನೂ, ಬೀದಿ ಕೊನೆಯಲ್ಲಿ ಹಿಂದೆ ಕ್ಯಾಸೆಟ್ ಲೈಬ್ರರಿ ನಡೆಸುತ್ತಿದ್ದವರನ್ನೂ ಕೇಳಿ ನೋಡಿ, ಅವರ ಗೋದಾಮಿನಲ್ಲಿ ಇನ್ನೂ ಮೂಟೆಗಳಿರಬಹುದು. ಡಿಸ್ಕನ್ನು ಇಳಿಸಿಯಾದ ಮೇಲೂ ಎಸೆಯದೆ ಅದರ ಡಬ್ಬಿಗೆ ಹಾಕಿ, ನಿಲ್ಲಿಸಿ ಇಡಿ, ಬಿಸಿಲು ಬೀಳದ ಕಡೆ.